ನೆರಳು ಬೇಕಾ, ನೆಟ್ ಬೇಕಾ? ಆರ್‌ವಿ ಪಾರ್ಕುಗಳಲ್ಲಿ ಸ್ಟಾರ್‌ಲಿಂಕ್ ಮಿನಿ ಜೊತೆ ಆರು ವಾರ

ಪೂರ್ತಿ ಓದೋಕೆ ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಆರ್‌ವಿ (ಮನೆ ಗಾಡಿ) ಪಾರ್ಕಿನಲ್ಲಿ ಕೂತು ಆಫೀಸ್ ಕೆಲಸ ಮಾಡಬೇಕು ಅಂತಿದ್ದರೆ ಪಾರ್ಕಿನವರ ಫ್ರೀ ವೈಫೈಯನ್ನು ಲೆಕ್ಕಕ್ಕೇ ತಗೋಬೇಡಿ. ಸ್ಟಾರ್‌ಲಿಂಕ್ ಮಿನಿ, ಅಂದರೆ ಉಪಗ್ರಹದಿಂದ ಇಂಟರ್ನೆಟ್ ಹಿಡಿಯುವ ಪುಟ್ಟ ಡಿಶ್ ಒಂದು, ಯಾವುದಾದರೂ ಮೊಬೈಲ್ ಕಂಪನಿಯ ಹಾಟ್‌ಸ್ಪಾಟ್ ಒಂದು, ಎರಡೂ ಕೈಯಲ್ಲಿರಲಿ. ಆದರೆ ಇಷ್ಟೆಲ್ಲ ದುಡ್ಡು ಸುರಿದು ಕೊನೆಗೆ ದೊಡ್ಡ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಎಲ್ಲ ದಂಡ. ನಾನು ಮೊದಲನೇ ದಿನ ಮಾಡಿದ್ದು ಅದನ್ನೇ.

ನಾವಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. ಜೂನ್ ಬಂತು ಅಂದರೆ ಇಲ್ಲಿ 43 ಡಿಗ್ರಿ ಮಾಮೂಲಿ, ಸಂಜೆ ಏಳಕ್ಕೂ ಗಾಳಿ ಒಲೆ ಮುಂದೆ ಕೂತ ಹಾಗೆ. 2025ರ ಬೇಸಿಗೆಯಲ್ಲಿ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದರು. ಅವರನ್ನು ಎಸಿ ರೂಮಿನಲ್ಲಿ ಕೂಡಿ ಹಾಕುವುದು ಬೇಡ, ಟ್ರೇಲರ್ ಎಳೆದುಕೊಂಡು ಉತ್ತರಕ್ಕೆ ಹೋಗೋಣ ಅಂತ ಹೆಂಡತಿ ಹೇಳಿದಳು. ನನಗೆ ಉಳಿದಿದ್ದ ರಜೆ ಹತ್ತೇ ದಿನ, ಪ್ರವಾಸ ಆರು ವಾರ. ಉಳಿದ ದಿನಗಳಲ್ಲಿ ದಾರಿಯಲ್ಲೇ ಕೆಲಸ ಮಾಡಬೇಕು.

ಆರ್‌ವಿ ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಮನೆ ಗಾಡಿ. ನಮ್ಮದು ಪಿಕಪ್ ಟ್ರಕ್ ಹಿಂದೆ ಕಟ್ಟುವ 25 ಅಡಿಯ ಟ್ರೇಲರ್. ಇಂಥ ಗಾಡಿ ನಿಲ್ಲಿಸೋಕೆ ದಿನದ ಲೆಕ್ಕದಲ್ಲಿ ಜಾಗ ಬಾಡಿಗೆಗೆ ಕೊಡುವುದು ಆರ್‌ವಿ ಪಾರ್ಕ್. ಕರೆಂಟು, ನಲ್ಲಿ ನೀರು, ಚರಂಡಿ ಪೈಪು ಮೂರೂ ಸಿಕ್ಕರೆ ಅದಕ್ಕೆ ಫುಲ್ ಹುಕಪ್ ಅನ್ನುತ್ತಾರೆ. ಇವು ಮೂರೂ ಎಲ್ಲ ಕಡೆ ಸರಿಯಾಗೇ ಸಿಕ್ಕಿದವು. ಬೋರ್ಡಿನಲ್ಲಿ ನಾಲ್ಕನೆಯದಾಗಿ ಬರೆದಿರುತ್ತಾರಲ್ಲ, ವೈಫೈ ಅಂತ, ಕಥೆ ಇರೋದು ಅದರಲ್ಲಿ.

ಮೊದಲ ರಾತ್ರಿ ಫ್ಲಾಗ್‌ಸ್ಟಾಫ್ ಹತ್ತಿರ. ಫೀನಿಕ್ಸ್‌ನಿಂದ ಮೂರು ಗಂಟೆ ಏರುತ್ತಾ ಹೋದರೆ 2,100 ಮೀಟರ್ ಎತ್ತರ, ತಣ್ಣನೆ ಗಾಳಿ, ಸುತ್ತ ಪಾಂಡರೋಸಾ ಪೈನ್ ಮರಗಳ ಕಾಡು. ಅಮ್ಮನಿಗೆ ಇಳಿದ ಕೂಡಲೇ ಊರಿನ ನೆನಪು. ಪಾರ್ಕಿನ ಆಫೀಸಿನಲ್ಲಿ "ನೆರಳಿರುವ ಸೈಟ್ ಕೊಡಿ" ಅಂತ ನಾನೇ ಬಾಯಿ ಬಿಟ್ಟು ಕೇಳಿ ತಗೊಂಡೆ. ಆ ಪಾರ್ಕಿನ ಹೆಸರು ಬೇಡ, ಯಾಕೆಂದರೆ ಆಮೇಲೆ ನೋಡಿದ ಮುಕ್ಕಾಲು ಪಾರ್ಕುಗಳ ಕಥೆಯೂ ಅದೇ.

ಫೀನಿಕ್ಸ್ ಗಡಿಯಾರಕ್ಕೂ ಬೆಂಗಳೂರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ನಮ್ಮ ಟೀಮಿನ ಅರ್ಧ ಜನ ಬೆಂಗಳೂರಿನಲ್ಲಿ. ಹಾಗಾಗಿ ನಮಗೆ ರಾತ್ರಿ ಎಂಟೂವರೆ ಅಂದರೆ ಅವರಿಗೆ ಬೆಳಿಗ್ಗೆ ಒಂಬತ್ತು, ಮೀಟಿಂಗ್ ಟೈಮ್. ಅಮ್ಮನಿಗೆ ಅದೇ ಹೊತ್ತಿಗೆ ಹಿಂದಿನ ದಿನದ ಸೀರಿಯಲ್ ಮೊಬೈಲಿನಲ್ಲಿ ನೋಡಬೇಕು. ಪಾರ್ಕಿನಲ್ಲಿರುವ ಉಳಿದವರೆಲ್ಲ ಊಟ ಮುಗಿಸಿ ಸಿನಿಮಾ ಹಾಕಿಕೊಂಡು ಕೂರುವುದೂ ಆಗಲೇ. ಅವತ್ತು ರಾತ್ರಿ ಎಂಟಕ್ಕೆ ವೈಫೈ ಸ್ಪೀಡ್ ನೋಡಿದೆ, 0.6 ಎಂಬಿಪಿಎಸ್. ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದುಕೊಂಡೇ ಹೆಪ್ಪುಗಟ್ಟಿತಂತೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದ್ದರು. ಮರುದಿನ ಬೆಳಿಗ್ಗೆ ಐದೂವರೆಗೆ ಅದೇ ವೈಫೈ, ಅದೇ ಜಾಗ, 22 ಎಂಬಿಪಿಎಸ್!

ಇಲ್ಲಿಗೇ ನನಗೆ ಅರ್ಥ ಆಗಬೇಕಿತ್ತು. ಆಗಲಿಲ್ಲ. ಸಿಗ್ನಲ್ ವೀಕ್ ಇರಬೇಕು ಅಂತ ಊರೊಳಗೆ ಹೋಗಿ 90 ಡಾಲರ್ ಕೊಟ್ಟು ವೈಫೈ ಎಕ್ಸ್‌ಟೆಂಡರ್ ತಂದೆ. ಹಾಕಿದ ಮೇಲೆ ಫೋನಿನಲ್ಲಿ ಎಲ್ಲ ಗೆರೆಯೂ ತುಂಬಿ ಬಂದವು, ಸ್ಪೀಡ್ ಮಾತ್ರ ಅಲ್ಲೇ. ಅಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದವರು, "ಅಲ್ಲ ಮಾರಾಯ, ಟ್ಯಾಂಕಿನಲ್ಲಿ ನೀರೇ ಇಲ್ದಿದ್ರೆ ಹೊಸ ನಲ್ಲಿ ಹಾಕಿ ಎಂತ ಪ್ರಯೋಜನ?" ಅಂದರು. ಅಷ್ಟೇ ವಿಷಯ. ಪಾರ್ಕಿಗೆ ಬರುವ ಲೈನ್ ಒಂದು, ಅದನ್ನು ಹಂಚಿಕೊಳ್ಳುವ ಗಾಡಿಗಳು ಎಂಬತ್ತೋ ನೂರೋ. ನಿಮ್ಮ ಗಾಡಿಯಿಂದ ಅವರ ಕಂಬದವರೆಗಿನ ಸಿಗ್ನಲ್ಲನ್ನು ಎಕ್ಸ್‌ಟೆಂಡರ್ ಸುಧಾರಿಸಬಹುದು, ಕಂಬದ ಆಚೆ ಇರುವ ಲೈನಿಗೆ ಅದು ಏನೂ ಮಾಡೋಕಾಗಲ್ಲ. ಎಕ್ಸ್‌ಟೆಂಡರ್ ವಾಪಸ್ ಕೊಟ್ಟು ಬಂದೆ. ಪಾರ್ಕಿನ ವೈಫೈ ಇಮೇಲ್ ನೋಡೋಕೆ, ವಾಟ್ಸಾಪ್ ಮೆಸೇಜಿಗೆ, ಬೆಳಗಿನ ಜಾವ ದೊಡ್ಡ ಫೈಲ್ ಇಳಿಸಿಕೊಳ್ಳೋಕೆ ಸರಿ. ಅದಕ್ಕಿಂತ ಜಾಸ್ತಿ ಕೇಳಬೇಡಿ.

ಈಗ ಮಿನಿ ವಿಷಯಕ್ಕೆ ಬರೋಣ. ಹೊರಡುವ ಮೊದಲೇ ತಗೊಂಡಿದ್ದೆ, ಆದರೆ ಪಾರ್ಕಿನಲ್ಲೇ ವೈಫೈ ಇದೆಯಲ್ಲ ಅಂತ ಬಿಚ್ಚಿರಲಿಲ್ಲ. ನಮ್ಮ ಮನೆಯ ದೊಡ್ಡ ಊಟದ ತಟ್ಟೆಯಷ್ಟೇ ಇದೆ, ಚೌಕಾಕಾರ. ಸುಮಾರು 30 ಸೆಂಟಿಮೀಟರ್ ಉದ್ದ, 26 ಅಗಲ, ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಹಿಂದೆ ಒಂದು ಕಾಲು ಇರುತ್ತದೆ, ನೆಲದ ಮೇಲೆ ಓರೆಯಾಗಿ ನಿಲ್ಲಿಸಿ ಪ್ಲಗ್ ಹಾಕಿದರೆ ಮುಗಿಯಿತು, ವೈಫೈ ರೌಟರ್ ಅದರೊಳಗೇ ಇದೆ. ಆ್ಯಪ್ ಎತ್ತ ಕಡೆ ತಿರುಗಿಸಬೇಕು ಅಂತ ಬಾಣ ತೋರಿಸುತ್ತದೆ, ಇಲ್ಲೆಲ್ಲ ಹೆಚ್ಚುಕಡಿಮೆ ಉತ್ತರಕ್ಕೇ. ಹಳೆಯ ಕಾಲದ ಸ್ಯಾಟಲೈಟ್ ಇಂಟರ್ನೆಟ್ ಬಳಸಿದವರಿಗೆ ಅದರ ಕಾಟ ಗೊತ್ತಿರುತ್ತದೆ, ಹಲೋ ಅಂದರೆ ಆ ಕಡೆಗೆ ಕೇಳಿಸಿ ಉತ್ತರ ಬರುವಷ್ಟರಲ್ಲಿ ಇನ್ನೊಂದು ಹಲೋ ಹೇಳಿರುತ್ತೇವೆ. ಆ ಉಪಗ್ರಹಗಳು ಇರುವುದು 35,786 ಕಿಲೋಮೀಟರ್ ಮೇಲೆ. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ. ಹಾಗಾಗಿ ಮಾತು ತಡವಾಗುವುದಿಲ್ಲ, ನನಗೆ 30ರಿಂದ 40 ಮಿಲಿಸೆಕೆಂಡ್ ತೋರಿಸುತ್ತಿತ್ತು.

ಆದರೆ ಕೆಳಗೆ ಇರುವುದರಿಂದಲೇ ಇನ್ನೊಂದು ತೊಂದರೆ. ಅವು ಆಕಾಶದಲ್ಲಿ ಒಂದೇ ಕಡೆ ನಿಂತಿರುವುದಿಲ್ಲ, ಸರಸರ ಓಡುತ್ತಿರುತ್ತವೆ. ಡಿಶ್ ಒಂದರಿಂದ ಒಂದಕ್ಕೆ ಜಿಗಿಯುತ್ತಲೇ ಇರಬೇಕು. ಅದಕ್ಕೆ ಆಕಾಶದ ಒಂದು ಚೂರು ಸಾಲದು, ಅಗಲವಾಗಿ ಬೇಕು. ಮರ ಅಡ್ಡ ಇದ್ದರೆ ನೆಟ್ ಪೂರ್ತಿ ಹೋಗುವುದಿಲ್ಲ, ಉಪಗ್ರಹ ಮರದ ಹಿಂದೆ ಸರಿದಾಗ ನಾಲ್ಕೈದು ಸೆಕೆಂಡ್ ಕಡಿಯುತ್ತದೆ, ಮತ್ತೆ ಬರುತ್ತದೆ, ಮತ್ತೆ ಕಡಿಯುತ್ತದೆ. ಎರಡನೇ ರಾತ್ರಿ ಪೈನ್ ಮರಗಳ ಮಧ್ಯೆ ಮಿನಿ ಇಟ್ಟಾಗ ಹೀಗೇ ಆಯಿತು. ತಮಾಷೆ ನೋಡಿ, ಅಮ್ಮನ ಸೀರಿಯಲ್ ಒಂದು ಚೂರೂ ನಿಲ್ಲಲಿಲ್ಲ, ನನ್ನ ಮೀಟಿಂಗ್ ಮಾತ್ರ ತುಂಡು ತುಂಡು. ಸೀರಿಯಲ್ ಮುಂದಿನ ಅರ್ಧ ನಿಮಿಷದ್ದನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ, ಐದು ಸೆಕೆಂಡ್ ನೆಟ್ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೀಟಿಂಗಿನಲ್ಲಿ ಮುಂದಿನ ಮಾತನ್ನು ತಂದಿಡೋಕೆ ಆಗುತ್ತಾ? "ನಂದು ಚೆನ್ನಾಗೇ ಬರ್ತಿದೆಯಲ್ಲ, ನಿನ್ನ ಕಂಪ್ಯೂಟರೇ ಸರಿ ಇಲ್ಲ" ಅಂತ ಅಮ್ಮನ ತೀರ್ಪು. ತಪ್ಪು ಕಂಪ್ಯೂಟರಿನದ್ದೂ ಅಲ್ಲ, ಡಿಶ್‌ನದ್ದೂ ಅಲ್ಲ, ನೆರಳು ಬೇಕು ಅಂತ ಕೇಳಿದ ನನ್ನದು. ಹೀಗೆ ಆಗುತ್ತದೆ ಅಂತ ಮೊದಲೇ ತಿಳಿಯಬಹುದಿತ್ತು ಬೇರೆ. ಆ್ಯಪಿನಲ್ಲಿ ಫೋನ್ ಕ್ಯಾಮೆರಾವನ್ನು ಆಕಾಶದ ಕಡೆ ಹಿಡಿದು ಸುತ್ತ ತಿರುಗಿಸಿದರೆ ಎಲ್ಲಿ ಅಡ್ಡ ಇದೆ ಅಂತ ತೋರಿಸುತ್ತದೆ. ಗಾಡಿ ನಿಲ್ಲಿಸುವ ಮೊದಲು ಎರಡು ನಿಮಿಷದ ಕೆಲಸ.

ಮೂರನೇ ದಿನ ಆಫೀಸಿಗೆ ಹೋಗಿ ಸೈಟ್ ಬದಲಾಯಿಸಿಕೊಂಡೆ. ಪಾರ್ಕಿನ ನಡುವೆ, ಮರ ಇಲ್ಲದ ಜಲ್ಲಿಕಲ್ಲಿನ ಜಾಗ, ಬಿಸಿಲು ನೇರ ಮೇಲೆ. ಸ್ಪೀಡ್ 110 ದಾಟಿತು. ಟ್ರೇಲರ್ ಎಸಿ ಬೆಳಿಗ್ಗೆ ಹತ್ತಕ್ಕೇ ಶುರು. ಅಮ್ಮ ಬೇಸರದಿಂದ ಕುರ್ಚಿ ತಗೊಂಡು ಹಳೇ ಮರದ ಕೆಳಗೆ ಹೋಗಿ ಕೂತರು. ಅಲ್ಲಿಂದ ಮುಂದೆ ಆರು ವಾರವೂ ನಮ್ಮ ಮನೆಯಲ್ಲಿ ಇದೇ ಜಗಳ, ಪ್ರತಿ ಪಾರ್ಕಿನಲ್ಲಿ ಅಮ್ಮ ನೆರಳು ಹುಡುಕುವುದು, ನಾನು ಬಯಲು ಹುಡುಕುವುದು.

ಹಾಗಾದರೆ ಡಿಶ್ ಮಾತ್ರ ದೂರ ಇಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಇದರಲ್ಲೊಂದು ಸೂಕ್ಷ್ಮ ಇದೆ, ಯಾರೂ ನನಗೆ ಹೇಳಿರಲಿಲ್ಲ. ಮಿನಿ ಜೊತೆ 15 ಮೀಟರ್ ಕರೆಂಟ್ ವೈರ್ ಕೊಡುತ್ತಾರೆ, ಬಿಸಿಲಿರುವ ಕಡೆಗೆ ಎಳೆದುಕೊಂಡು ಹೋಗಬಹುದು. ಆದರೆ ವೈಫೈ ಹೊರಡುವುದೂ ಆ ಡಿಶ್‌ನಿಂದಲೇ ಅಲ್ವಾ? ಟ್ರೇಲರ್ ಮೈಯೆಲ್ಲ ಅಲ್ಯೂಮಿನಿಯಂ. ಆಕಾಶದಿಂದ ಚೆನ್ನಾಗಿ ಬಂದ ನೆಟ್ 15 ಮೀಟರ್ ದಾಟಿ ತಗಡಿನ ಗೋಡೆಗೆ ಬಡಿದು ಅಲ್ಲೇ ಸೋತುಹೋಗುತ್ತದೆ. ಮಿನಿ ಹಿಂದೆ ಈಥರ್ನೆಟ್ ಪೋರ್ಟ್ (ನೆಟ್ ಕೇಬಲ್ ಚುಚ್ಚುವ ಕಿಂಡಿ) ಇದೆ. ಅಲ್ಲಿಂದ ಒಂದು ಉದ್ದ ಕೇಬಲ್ ಕಿಟಕಿ ಸಂದಿಯಿಂದ ಒಳಗೆ ತಂದು, ಒಳಗೊಂದು ಚಿಕ್ಕ ಟ್ರಾವೆಲ್ ರೌಟರ್ ಇಟ್ಟೆ. ಸಮಸ್ಯೆ ಮುಗಿಯಿತು. ಈ ರೌಟರಿನಿಂದ ಇನ್ನೊಂದು ಲಾಭ, ಮೊಬೈಲ್ ಹಾಟ್‌ಸ್ಪಾಟನ್ನೂ ಇದಕ್ಕೇ ಸೇರಿಸಬಹುದು, ಒಂದು ಹೋದರೆ ಇನ್ನೊಂದಕ್ಕೆ ತಾನೇ ಹೊರಳುತ್ತದೆ. ಮನೆಯವರ ಫೋನುಗಳಿಗೆಲ್ಲ ಒಂದೇ ಪಾಸ್‌ವರ್ಡ್, ಊರು ಬದಲಾದಾಗಲೆಲ್ಲ ಅಪ್ಪನ ಫೋನ್ ಹಿಡಿದುಕೊಂಡು ಕೂರುವ ಕೆಲಸ ತಪ್ಪಿತು.

ಡಿಶ್ ನೆಲದಲ್ಲಿಟ್ಟರೆ ನಾಯಿ ಕರೆದುಕೊಂಡು ಹೋಗುವವರು ಎಡವುತ್ತಾರೆ, ಗಾಳಿಗೆ ಬೀಳುತ್ತದೆ. ಮ್ಯಾಗ್ನೆಟ್ ಸ್ಟ್ಯಾಂಡ್ ತಗೊಂಡು ಟ್ರೇಲರ್ ಮೇಲೆ ಅಂಟಿಸುತ್ತೇನೆ ಅಂತ ಯೋಚನೆ ಇದ್ದರೆ ಮೊದಲು ಫ್ರಿಜ್ ಮೇಲಿನ ಒಂದು ಮ್ಯಾಗ್ನೆಟ್ ಹಚ್ಚಿ ನೋಡಿ. ಅಲ್ಯೂಮಿನಿಯಂಗೂ ಫೈಬರ್‌ಗೂ ಹಿಡಿಯುವುದಿಲ್ಲ. ಕಾದ ಜಲ್ಲಿ ಮೇಲೆ ಇಡಬೇಡಿ, 50 ಡಿಗ್ರಿವರೆಗೆ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ, ಅರಿಜೋನಾದ ಬಿಸಿಲಿನಲ್ಲಿ ನೆಲ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಕಳ್ಳತನದ ಭಯ? ಅಪ್ಪ ದಿನವಿಡೀ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುತ್ತಿದ್ದರು, ಅಡಿಕೆ ಒಣಗಿಸಿದಾಗ ಅಂಗಳ ಕಾಯುವ ಅಭ್ಯಾಸ.

ಪೇಜ್ ಅನ್ನುವ ಊರಿಗೆ ಬಂದೆವು. ಲೇಕ್ ಪೊವೆಲ್ ಪಕ್ಕ, ಎತ್ತ ನೋಡಿದರೂ ಕೆಂಪು ಕಲ್ಲು, ಬಟ್ಟಬಯಲು. ನೆಟ್ ವಿಷಯದಲ್ಲಿ ಇಡೀ ಪ್ರವಾಸದ ಸ್ವರ್ಗ ಇದು, ಡೌನ್‌ಲೋಡ್ 140 ಎಂಬಿಪಿಎಸ್, ಅಪ್‌ಲೋಡ್ 18, ಐದು ದಿನ ಒಂದು ಕಾಲ್ ಕೂಡ ಕಡಿಯಲಿಲ್ಲ. ಆದರೂ ಇಲ್ಲಿ ಮೀಟಿಂಗ್ ಎಡವಟ್ಟಾಯಿತು, ನೆಟ್‌ನಿಂದ ಅಲ್ಲ. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಪಕ್ಕದ ನವಾಹೋ ನೇಷನ್ (ಅಲ್ಲಿನ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ) ಇಡುತ್ತದೆ, ಯೂಟಾ ರಾಜ್ಯ ಕೂಡ. ಪೇಜ್ ಇರುವುದು ಸರಿಯಾಗಿ ಇವುಗಳ ಅಂಚಿನಲ್ಲಿ. ಫೋನ್ ಯಾವ ಟವರ್ ಹಿಡಿಯಿತೋ ಆ ಟೈಮ್ ತೋರಿಸುತ್ತದೆ. ನಾನು ಒಂದು ಗಂಟೆ ಮೊದಲೇ ಮೀಟಿಂಗಿಗೆ ಸೇರಿ, ಯಾರೂ ಬಂದಿಲ್ಲವಲ್ಲ ಅಂತ ಎಲ್ಲರಿಗೂ ಮೆಸೇಜ್ ಮಾಡಿ, ಬೆಂಗಳೂರಿನಲ್ಲಿ ತಿಂಡಿ ತಿನ್ನುತ್ತಿದ್ದವರ ಕೈಲಿ ಬೈಸಿಕೊಂಡೆ. ಅಲ್ಲಿಗೆ ಹೋಗುವವರು ಫೋನಿನಲ್ಲಿ ಟೈಮ್ ಜೋನ್ ಕೈಯಿಂದಲೇ ಫೀನಿಕ್ಸ್ ಅಂತ ಇಟ್ಟುಬಿಡಿ.

ಟೈಮ್ ಜೋನ್ ಅಂದಾಗ ನೆನಪಾಯಿತು, ಸ್ಟಾರ್‌ಲಿಂಕ್‌ನಲ್ಲಿ ನಿಮ್ಮ ಐಪಿ ವಿಳಾಸ (ನೆಟ್‌ನಲ್ಲಿ ನಿಮ್ಮನ್ನು ಗುರುತಿಸುವ ಸಂಖ್ಯೆ) ನೀವು ಕೂತಿರುವ ಊರನ್ನೇ ತೋರಿಸಬೇಕು ಅಂತೇನಿಲ್ಲ, ನೂರಾರು ಮೈಲಿ ಆಚೆಯ ಊರು ತೋರಿಸಬಹುದು. ಆಫೀಸಿನ ನೆಟ್‌ವರ್ಕಿಗೆ ವಿಪಿಎನ್ ಮೂಲಕ ಸೇರುವವರಾದರೆ, ಬೇರೆ ಊರಿನಿಂದ ಯಾರೋ ಲಾಗಿನ್ ಆದ ಹಾಗೆ ಕಾಣಬಹುದು, ಐಟಿಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

ಮೊಬೈಲ್ ಹಾಟ್‌ಸ್ಪಾಟ್ ಬಗ್ಗೆ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಂಡಿದ್ದೆವು, ಹೆಸರು ಹೇಳಿ ಉಪಯೋಗವಿಲ್ಲ, ಒಂದೂರಿನಲ್ಲಿ ರಾಜ ಆದದ್ದು ಮುಂದಿನ ಊರಿನಲ್ಲಿ ಭಿಕಾರಿ. ಮ್ಯಾಪಿನಲ್ಲಿ ಎಲ್ಲ ಕಡೆ ಬಣ್ಣ ಬಳಿದಿರುತ್ತಾರೆ, ಅದು ಹೊರಗೆ ಬಯಲಿನಲ್ಲಿ ನಿಂತಾಗಿನ ಮಾತು, ತಗಡಿನ ಗಾಡಿಯೊಳಗಿನದ್ದಲ್ಲ. ಇನ್ನೊಂದು, ಅನ್‌ಲಿಮಿಟೆಡ್ ಅನ್ನುವ ಪದ ಫೋನಿಗೆ ಮಾತ್ರ, ಹಾಟ್‌ಸ್ಪಾಟಿಗೆ ಸಾಮಾನ್ಯವಾಗಿ ಬೇರೆ ಮಿತಿ ಇರುತ್ತದೆ, ಅದು ದಾಟಿದರೆ ಎಳೆಯುತ್ತಾ ನಡೆಯುತ್ತದೆ. ಟವರಿನಲ್ಲಿ ಗದ್ದಲ ಜಾಸ್ತಿಯಾದಾಗ ಅಗ್ಗದ ಪ್ಲಾನಿನವರನ್ನು ಹಿಂದೆ ತಳ್ಳುತ್ತಾರೆ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ರಿಸರ್ವೇಶನ್ ಇದ್ದವರು ಮೊದಲು ಹತ್ತಲಿ ಅಂತಾರಲ್ಲ ಹಾಗೆ. ಶುಕ್ರವಾರ ಸಂಜೆ ಪಾರ್ಕ್ ತುಂಬಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ, ಸಿಗ್ನಲ್ ಗೆರೆ ಪೂರ್ತಿ, ನೆಟ್ ಸೊನ್ನೆ. ಆದರೆ ಮರಗಳ ಕೆಳಗೆ, ಕಣಿವೆಯ ಗೋಡೆ ಅಡ್ಡ ಇರುವ ಕಡೆ, ಡಿಶ್ ಕೈ ಕೊಡುವ ಜಾಗದಲ್ಲೇ ಹಾಟ್‌ಸ್ಪಾಟ್ ಕಾಪಾಡುತ್ತದೆ. ಒಂದು ದಿನ ಯೂಟಾದಲ್ಲಿ ಗುಡುಗಿನ ಮಳೆ ಬಂದಾಗ ಹತ್ತು ನಿಮಿಷ ಹಾಟ್‌ಸ್ಪಾಟೇ ಗತಿಯಾಯಿತು. ಜೋರು ಮಳೆ, ದಪ್ಪ ಮಳೆಮೋಡ ದಾಟುವುದು ಇಂಥ ಡಿಶ್‌ಗಳ ಸಿಗ್ನಲ್ಲಿಗೆ ಕಷ್ಟ. ಆಗುಂಬೆ ಪಕ್ಕದಿಂದ ಬಂದ ಅಪ್ಪ ಮಾತ್ರ "ಇದಕ್ಕೆ ಇವರು ಮಳೆ ಅಂತಾರಾ" ಅಂದರು.

ಖರ್ಚಿನ ಲೆಕ್ಕ ಕೇಳಿ. ಮಿನಿ 2024ರಲ್ಲಿ ಹೊಸದಾಗಿ ಬಂದಾಗ 599 ಡಾಲರ್ ಇತ್ತು, ಆಮೇಲೆ ಇಳಿಯಿತು, ಸೇಲ್ ಬರುತ್ತಲೇ ಇರುತ್ತದೆ, ಕಾದು ತಗೊಳ್ಳಿ. ನಾನು ರೋಮ್ ಪ್ಲಾನ್ (ಊರೂರು ಸುತ್ತುವವರಿಗೆ ಇರುವ ಪ್ಲಾನ್) ತಗೊಂಡಾಗ 50 ಜಿಬಿಗೆ ತಿಂಗಳಿಗೆ 50 ಡಾಲರ್, ಅನ್‌ಲಿಮಿಟೆಡ್‌ಗೆ 165. ಐವತ್ತು ಜಿಬಿ ಯಾರಿಗೆ ಬೇಕು ಅಂತ ಸಣ್ಣದನ್ನು ತಗೊಂಡೆ. ವೀಡಿಯೊ ಕಾಲ್ ಗಂಟೆಗೆ ಒಂದು ಜಿಬಿ ಆಸುಪಾಸು, ಟಿವಿಯಲ್ಲಿ ಎಚ್‌ಡಿ ಸಿನಿಮಾ ಗಂಟೆಗೆ ಮೂರು ಜಿಬಿವರೆಗೆ. ದಿನಕ್ಕೆ ಮೂರು ಮೀಟಿಂಗ್, ಅಮ್ಮನ ಎರಡು ಸೀರಿಯಲ್, ಅಪ್ಪನ ನ್ಯೂಸ್ ಚಾನೆಲ್ (ಅದು ಬೆಳಿಗ್ಗೆಯಿಂದ ಸುಮ್ನೆ ಓಡುತ್ತಿರುತ್ತದೆ, ಅವರು ಹೊರಗೆ ಕೂತಿರುತ್ತಾರೆ). ಎಂಟೇ ದಿನಕ್ಕೆ ಖಾಲಿ. ಕೂಡಲೇ ಅನ್‌ಲಿಮಿಟೆಡ್‌ಗೆ ಬದಲಾಯಿಸಿದೆ. ಈ ಪ್ಲಾನುಗಳು ಆಗಾಗ ಬದಲಾಗುತ್ತಿರುತ್ತವೆ, ನಾನು ಹೇಳಿದ ಸಂಖ್ಯೆ ನಂಬಿಕೊಳ್ಳದೆ ತಗೊಳ್ಳುವ ದಿನ ನೋಡಿಕೊಳ್ಳಿ. ಪ್ರವಾಸ ಇಲ್ಲದ ತಿಂಗಳು ನಿಲ್ಲಿಸಿಡಬಹುದು. ಮೊದಲು ಅದು ಪುಕ್ಕಟೆ ಇತ್ತು, 2025ರ ಆಗಸ್ಟ್‌ನಿಂದ ಸ್ಟ್ಯಾಂಡ್‌ಬೈ ಅಂತ ತಿಂಗಳಿಗೆ 5 ಡಾಲರ್ ಮಾಡಿದರು. ವರ್ಷಕ್ಕೆ ಎರಡು ವೀಕೆಂಡ್ ಕ್ಯಾಂಪಿಂಗ್ ಹೋಗುವವರಿಗೆ ಇದೆಲ್ಲ ಬೇಡವೇ ಬೇಡ, ಫೋನ್ ಸಾಕು.

ಕರೆಂಟಿಗೆ ಹೆದರಬೇಕಿಲ್ಲ. 25ರಿಂದ 40 ವ್ಯಾಟ್ ಅಷ್ಟೇ ತಿನ್ನುತ್ತದೆ, ಒಂದು ಹಳೇ ಬಲ್ಬಿನಷ್ಟೂ ಇಲ್ಲ. ಹುಕಪ್ ಇರುವ ಪಾರ್ಕಿನಲ್ಲಿ ಯೋಚನೆಯೇ ಬೇಡ. ಕರೆಂಟ್ ಇಲ್ಲದ ಕಾಡಿನಲ್ಲಿ ನಿಲ್ಲಿಸುವವರು ರಾತ್ರಿ ಆರಿಸಿಡಿ, ಇಡೀ ದಿನ ಉರಿದರೆ 700 ವ್ಯಾಟ್-ಅವರ್ ದಾಟುತ್ತದೆ, 100 ಆಂಪ್-ಅವರ್‌ನ ಸೀಸದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸುಸ್ತು. 12 ವೋಲ್ಟ್‌ನಲ್ಲಿ ನೇರ ಹಾಕುವುದಾದರೆ ಉದ್ದ ವೈರ್ ಬಳಸಬೇಡಿ, ಕೊನೆ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದು ಡಿಶ್ ಆಫ್ ಆಗಿ ಆನ್ ಆಗುತ್ತಿರುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಮಾಡುವಂಥ ದೊಡ್ಡ ಪವರ್ ಬ್ಯಾಂಕ್ ಇದ್ದರೆ ಅದರಿಂದ ಎರಡು ಗಂಟೆ ಓಡುತ್ತದೆ, ಒಂದು ಮೀಟಿಂಗನ್ನು ದಾರಿ ಬದಿಯಲ್ಲಿ ಹಾಗೇ ಮುಗಿಸಿದೆ.

ಮೂರನೇ ವಾರದ ಹೊತ್ತಿಗೆ ಸೈಟ್ ಬುಕ್ ಮಾಡುವುದರಲ್ಲಿ ನಾನು ಪಳಗಿಬಿಟ್ಟಿದ್ದೆ. ಗೂಗಲ್ ಮ್ಯಾಪಿನ ಸ್ಯಾಟಲೈಟ್ ಚಿತ್ರದಲ್ಲಿ ಪಾರ್ಕ್ ನೋಡುವುದು, ಅಂಚಿನ ಸೈಟುಗಳಲ್ಲಿ ಸಾಮಾನ್ಯವಾಗಿ ಮರ, ನಡುವಿನ ಸಾಲಿನಲ್ಲಿ ಬಯಲು. ಆಮೇಲೆ ಫೋನ್ ಮಾಡಿ "ಉತ್ತರದ ಕಡೆ ಆಕಾಶ ಕಾಣುವ ಸೈಟ್ ಬೇಕು" ಅಂತ ಕೇಳುವುದು. ಈಗ ಪಾರ್ಕಿನವರಿಗೆ ಈ ಪ್ರಶ್ನೆ ಹೊಸತಲ್ಲ, ಕೇಳಿದ ಕೂಡಲೇ ನಂಬರ್ ಹೇಳುತ್ತಾರೆ. ದಕ್ಷಿಣಕ್ಕೆ ಮರ ಇದ್ದು ಉತ್ತರ ಬಯಲಾಗಿರುವ ಸೈಟ್ ಸಿಕ್ಕರೆ ಬಿಡಲೇಬೇಡಿ. ನಮಗೆ ಯೂಟಾದಲ್ಲಿ ಅಂಥದ್ದೊಂದು ಸಿಕ್ಕಿತು. ಮಧ್ಯಾಹ್ನದ ನೆರಳು ಅಮ್ಮನಿಗೆ, ಆಕಾಶ ನನಗೆ. ಆ ನಾಲ್ಕು ದಿನ ಮನೆಯಲ್ಲಿ ಶಾಂತಿ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ನಾನು ಪ್ರಯತ್ನವನ್ನೇ ಮಾಡಲಿಲ್ಲ. ಅಲ್ಲಿ ಉದ್ಯಾನದೊಳಗೆ ಫುಲ್ ಹುಕಪ್ ಇರುವುದು ಫಿಶಿಂಗ್ ಬ್ರಿಜ್ ಅನ್ನುವ ಆರ್‌ವಿ ಪಾರ್ಕ್ ಒಂದರಲ್ಲೇ. ಕರಡಿ ಓಡಾಡುವ ಜಾಗ, ಹಾಗಾಗಿ ಟೆಂಟಿಗೆ ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಸುತ್ತ ಎತ್ತರದ ಪೈನ್. ಉಳಿಸಿಟ್ಟಿದ್ದ ರಜೆಯೆಲ್ಲ ಅಲ್ಲೇ ಹಾಕಿ ಡಿಶ್ ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಓಲ್ಡ್ ಫೇಯ್ತ್‌ಫುಲ್ ಅನ್ನುವ ಬಿಸಿನೀರಿನ ಚಿಲುಮೆ ಹತ್ತಿರ ಟವರ್ ಇದೆ, ಆದರೆ ಬಿಸಿನೀರು ಚಿಮ್ಮಿದ ಮರುಕ್ಷಣ ಸಾವಿರಾರು ಜನ ಒಟ್ಟಿಗೆ ವೀಡಿಯೊ ಕಳಿಸುತ್ತಾರೆ, ಅಮ್ಮ ಅತ್ತಿಗೆಗೆ ಕಳಿಸಿದ್ದು ಸಂಜೆ ಹೊರಗೆ ಬಂದ ಮೇಲೆ ಹೋಯಿತು.

ಈಗ ಮಿನಿ ಗ್ಯಾರೇಜಿನಲ್ಲಿ ಸ್ಟ್ಯಾಂಡ್‌ಬೈನಲ್ಲಿದೆ. ನಾನು ಕೊಡುವುದು ಐದಕ್ಕೆ ನಾಲ್ಕು, ಒಂದು ಕಡಿಮೆ ಮಾಡಿದ್ದು ತಿಂಗಳ ಬಾಡಿಗೆಗೆ. ಊರಿಗೆ ಹೊರಡುವ ಮುಂಚೆ ಸೂಟ್‌ಕೇಸ್ ತುಂಬುತ್ತಾ ಅಮ್ಮ ಕೇಳಿದರು, "ಈ ತಟ್ಟೆ ಊರಿಗೆ ತಗೊಂಡು ಹೋದ್ರೆ ಆಗ್ತದಾ? ಕೊರೊನಾ ಟೈಮಲ್ಲಿ ಪಕ್ಕದ ಮನೆ ಮಕ್ಕಳು ಪಾಠ ಕೇಳೋಕೆ ಕೊಡೆ ಹಿಡ್ಕೊಂಡು ಗುಡ್ಡ ಹತ್ತಿದ್ದು ನೆನಪಾಗ್ತದೆ." ಅಲ್ಲಿ ಇದರ ಸೇವೆ ಇನ್ನೂ ಶುರುವಾಗಿರಲಿಲ್ಲ, ಅದನ್ನೇ ಹೇಳಿದೆ. ಅಪ್ಪ ಆ ಕಡೆಯಿಂದ, "ಶುರುವಾದ್ರೂ ಎಲ್ಲಿಡ್ತೀಯೆ? ಮನೆ ಸುತ್ತ ಅಡಿಕೆ ಮರ. ನೆಟ್ ಬೇಕು ಅಂತ ತೋಟ ಕಡಿಯೋಕಾಗ್ತದಾ?" ಅಂದರು.